ತೊಟ್ಟಿಲಗುಡ್ಡಕ್ಕೆ ಒಂದು ಕಿವಿ

ಬೆಳಗಿನ ಐದೂವರೆ. ಇಂದಿರಾನಗರದ ಹಿಂಬದಿಯ ಅಡ್ಡರಸ್ತೆಯಲ್ಲಿ ಹಾಲಿನ ಕ್ರೇಟು ಇಳಿಸುವವರನ್ನೂ, ನಾಯಿಗಳು ಎಳೆದುಕೊಂಡು ಹೋಗುತ್ತಿರುವ ಅವುಗಳ ಯಜಮಾನರನ್ನೂ ಬಿಟ್ಟರೆ ಬೇರೆ ಯಾರೂ ಇಲ್ಲ. ಷಟರ್ ಎಳೆದ ಕಾಫಿ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿ ಮೊದಲ ಮಹಡಿಯ ಬೀಗ ತೆಗೆಯುವ ಯಮುನಾ, ಎಲ್ಲರಂತೆ ಒಳಗೆ ಬಂದ ಕೂಡಲೇ ಸ್ವಿಚ್ಚು ಹಾಕುವುದಿಲ್ಲ. ಇದ್ದದ್ದನ್ನೆಲ್ಲ ಆರಿಸುತ್ತ ಹೋಗುತ್ತಾರೆ. ಫ್ರಿಜ್ಜಿನ ಪ್ಲಗ್ ಕೀಳುತ್ತಾರೆ. ಗೋಡೆಯ ಗಡಿಯಾರವನ್ನು ಇಳಿಸಿ ಬಾತ್‌ರೂಮಿನಲ್ಲಿಟ್ಟು ಬಾಗಿಲು ಹಾಕುತ್ತಾರೆ. ಟ್ಯೂಬ್‌ಲೈಟು ಗುಂಯ್‌ಗುಡುತ್ತದೆಂದು ಮೇಜಿನ ಮೇಲೊಂದು ಪುಟ್ಟ ದೀಪ. ಆಮೇಲೆ ಕೈಯ ಗಾಜಿನ ಬಳೆಗಳನ್ನು ಒಂದೊಂದಾಗಿ ಕಳಚಿ ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ಇಡುತ್ತಾರೆ. ಓಲೆ ಬಿಚ್ಚಿ, ಕಿವಿಯ ಮೇಲೆ ದಪ್ಪನೆಯ ಹೆಡ್‌ಫೋನ್ ಏರಿಸುತ್ತಾರೆ.

ಬೆಂಗಳೂರಿನ ಮೇ ತಿಂಗಳಲ್ಲಿ ಹೀಗೆ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ ಕುಳಿತವರ ಕಿವಿಯಲ್ಲಿ ಹೋದ ವರ್ಷದ ಜುಲೈ ತಿಂಗಳ ಮಳೆ ಸುರಿಯತೊಡಗುತ್ತದೆ.

ಮಳೆ ಸುರಿದದ್ದು ದೂರದ ಬೆಟ್ಟಗಳ ಮೇಲೆ. ಅಲ್ಲಿ ಮರಗಳಿಗೆ ಕಟ್ಟಿದ, ಊಟದ ಡಬ್ಬಿಯಷ್ಟಿರುವ ರೆಕಾರ್ಡರುಗಳು ಮಳೆಗಾಲವಿಡೀ ರಾತ್ರಿಯ ಸದ್ದನ್ನು ಹಿಡಿದು ತರುತ್ತವೆ. ಆ ಸದ್ದಿನಲ್ಲಿ ಒಂದು ಪುಟ್ಟ ನೆಲಗಪ್ಪೆಯ ಕೂಗು ಎಲ್ಲೆಲ್ಲಿದೆ ಎಂದು ಹುಡುಕಿ ಗುರುತು ಹಾಕುವುದು ಯಮುನಾ ಅವರ ಕೆಲಸ. ಅವರ ಹುದ್ದೆಗೆ ಕನ್ನಡದಲ್ಲಿ ಇನ್ನೂ ಹೆಸರಿಲ್ಲ. ಸಂಬಳದ ಚೀಟಿಯಲ್ಲಿ ‘ಸಹಾಯಕಿ’ ಎಂದಿದೆ. ಒಂದು ಬೆಟ್ಟದ ಒಂದು ಮಳೆಗಾಲವನ್ನು ಕೇಳಿ ಮುಗಿಸುವ ಹೊತ್ತಿಗೆ ಮುಂದಿನ ಮಳೆಗಾಲ ಬಾಗಿಲಿಗೆ ಬಂದಿರುತ್ತದೆ.

“ಮೊದ್ಲು ಮಳೆ ಅಂದ್ರೆ ಒಂದೇ ಮಳೆ ಅಂದ್ಕೊಂಡಿದ್ದೆ” ಎನ್ನುತ್ತಾರೆ, ಹೆಡ್‌ಫೋನಿನ ಒಂದು ಬದಿಯನ್ನು ಸರಿಸಿ. “ಎಲೆ ಮೇಲೆ ಬಿದ್ದಿದ್ದು ಬೇರೆ, ಬಂಡೆ ಮೇಲೆ ಬಿದ್ದಿದ್ದು ಬೇರೆ. ಆ ಡಬ್ಬದ ಮೇಲೇ ಬಿತ್ತು ಅಂದ್ರೆ ಮುಗೀತು, ಬಾಣಲೇಲಿ ಸಾಸಿವೆ ಸಿಡಿದಂಗೆ. ಒಳಗಡೆ ಯಾರು ಏನು ಹೇಳಿದ್ರೂ ಕೇಳ್ಸಲ್ಲ.”

ಏಳು ಗಂಟೆಗೆ ಕೆಳಗಿನ ಅಂಗಡಿಯ ಕಾಫಿಬೀಜ ಪುಡಿಮಾಡುವ ಮಿಷನ್ನು ಶುರುವಾಗುತ್ತದೆ. ಅಷ್ಟರೊಳಗೆ ಕೇಳಿದ್ದೇ ಕೇಳಿದ್ದು. ಅದಕ್ಕೇ ಜೋಗುಪಾಳ್ಯದ ಮನೆಯಿಂದ ಅವರು ಕತ್ತಲಲ್ಲೇ ಹೊರಟು ನಡೆದು ಬರುವುದು.

ಈ ನೆಲಗಪ್ಪೆಯ ಬಗ್ಗೆ ಎರಡು ಮಾತು ಹೇಳಬೇಕು, ಯಾಕೆಂದರೆ ಅದರ ಬಗ್ಗೆ ಹೇಳುವವರು ಕಡಿಮೆ. ಹೆಬ್ಬೆರಳ ಉಗುರಿನ ಮೇಲೆ ಕೂರುವಷ್ಟು ಚಿಕ್ಕದು. ಮೈಯೆಲ್ಲ ಗುಳ್ಳೆ. ಜಿಗಿಯುವುದಕ್ಕಿಂತ ನಡೆಯುವುದೇ ಹೆಚ್ಚು. ಎತ್ತರದ ಬೆಟ್ಟದ ಕಾಡಿನಲ್ಲಿ, ಮಂಜು ನಿಲ್ಲುವ ಕಡೆ, ಕೊಳೆತ ಎಲೆಯಡಿ ಇರುತ್ತದೆ. ಒಂದು ಬೆಟ್ಟ ಇಳಿದು ಇನ್ನೊಂದನ್ನು ಹತ್ತುವ ಅಭ್ಯಾಸ ಅದಕ್ಕಿಲ್ಲ. ನೂರು ವರ್ಷಕ್ಕೂ ಹಿಂದೆ ಒಬ್ಬ ಬಿಳಿಯ ಸಾಹೇಬ ಒಂದನ್ನು ಹಿಡಿದು, ಸ್ಪಿರಿಟ್ಟಿನ ಬಾಟಲಿಗೆ ಹಾಕಿ, ಹೆಸರಿಟ್ಟು ಹಡಗು ಹತ್ತಿಸಿದ. ಆಮೇಲಿನ ಪಂಡಿತರು ಅದರ ಕಣ್ಣಿನ ಹಿಂದಿನ ಗಂಟನ್ನೂ ಕಾಲ್ಬೆರಳ ನಡುವಣ ಚರ್ಮವನ್ನೂ ನೋಡಿ, ಇದು ಈ ಕುಲದ್ದಲ್ಲವೆಂದು ಇನ್ನೊಂದು ಕುಲಕ್ಕೆ ದತ್ತು ಕೊಟ್ಟರು. ಅವರ ಶಿಷ್ಯರು ವಂಶವಾಹಿ ಪರೀಕ್ಷೆ ಮಾಡಿ ಮತ್ತೊಮ್ಮೆ ಮನೆ ಬದಲಿಸಿದರು. ಬೆಂಗಳೂರಿನ ಕಗ್ಗದಾಸಪುರ ಇದ್ದ ಜಾಗದಿಂದ ಒಂದು ಹೆಜ್ಜೆ ಅಲ್ಲಾಡದೆ ಹಳ್ಳಿಯಾಗಿ, ಬಡಾವಣೆಯಾಗಿ, ವಾರ್ಡಾಗಿ ಬಿಟ್ಟಂತೆ, ಈ ಕಪ್ಪೆಯೂ ಎಲೆಯಡಿ ಕುಳಿತಲ್ಲೇ ಮೂರು ಮನೆತನ ನೋಡಿದೆ. ನೋಟೀಸು ಮಾತ್ರ ಅದಕ್ಕೆ ಇನ್ನೂ ತಲುಪಿಲ್ಲ.

ಈಗ ಎದ್ದಿರುವ ಪ್ರಶ್ನೆ ಬೇರೆ. ಕಪ್ಪೆ ಸಿಗುವುದು ಎರಡು ಬೆಟ್ಟದ ಸಾಲುಗಳಲ್ಲಿ, ಬಡಗಣ ಸಾಲು ಮತ್ತು ತೆಂಕಣ ಸಾಲು. ನೋಡಲು ಎರಡೂ ಕಡೆಯವು ಒಂದೇ ತರ. ಕೂಗು ಮಾತ್ರ ಸ್ವಲ್ಪ ಬೇರೆ. ಎಷ್ಟು ಬೇರೆ ಎಂದು ಕೇಳಿದರೆ ಯಮುನಾ ಕೈಚೀಲದಿಂದ ಎರಡು ಬಾಚಣಿಗೆ ತೆಗೆಯುತ್ತಾರೆ. ತಲೆ ಬಾಚುವ ಅಗಲ ಹಲ್ಲಿನ ಬಾಚಣಿಗೆಯ ಮೇಲೆ ಉಗುರು ಎಳೆದರೆ, ಟ್ರಕ್‌ಟ್ರಕ್‌ಟ್ರಕ್. “ಇದು ಬಡಗಣದ್ದು.” ಹೇನು ತೆಗೆಯುವ ಸೀರಣಿಗೆಯ ಮೇಲೆ ಎಳೆದರೆ, ಟ್ರಿರ್ರ್. “ಇದು ತೆಂಕಣದ್ದು.” ಸಂಸ್ಥೆಯ ವಿಜ್ಞಾನಿಗಳೂ ಈಗ ಬಾಚಣಿಗೆ, ಸೀರಣಿಗೆ ಎಂದೇ ಮಾತಾಡುತ್ತಾರೆ. ಇವು ಎರಡು ಜಾತಿಯೋ, ಅಥವಾ ಒಂದೇ ಜಾತಿ ಎರಡು ಊರಿನ ಮಾತಿನಂತೆ ರಾಗ ಬದಲಿಸಿದೆಯೋ ಎಂಬುದು ಪ್ರಶ್ನೆ. ಉತ್ತರ ಹೇಳಬಲ್ಲದ್ದು ಎರಡು ಸಾಲುಗಳ ನಡುವೆ ಇರುವ ಒಂದೇ ಒಂದು ಗುಡ್ಡ. ಅದರ ಹೆಸರು ತೊಟ್ಟಿಲಗುಡ್ಡ. ಅಲ್ಲಿ ಕಪ್ಪೆ ಇಲ್ಲವೇ ಇಲ್ಲ ಎಂದಾದರೆ ನಡುವೆ ದೊಡ್ಡ ತೆರಪು, ಈಚೆಯದು ಒಂದು ಜಾತಿ, ಆಚೆಯದು ಇನ್ನೊಂದು ಎನ್ನುವುದಕ್ಕೆ ಬಲ ಬರುತ್ತದೆ. ಇದ್ದರೆ, ಅದು ಹೇಗೆ ಕೂಗುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ.

ಯಮುನಾ ಅವರಿಗೆ ಐವತ್ತು ಹತ್ತಿರ. ಮದುವೆಯಾಗಿಲ್ಲ. ಯಾಕೆ ಎಂದರೆ “ಟೈಮಿಗೆ ಸರಿಯಾಗಿ ಯಾರೂ ಬರ್ಲಿಲ್ಲ, ಬಂದೋರಿಗೆ ನನ್ ಹತ್ರ ಟೈಮಿರ್ಲಿಲ್ಲ” ಎಂದು ಮುಗಿಸುತ್ತಾರೆ. ಡಿಗ್ರಿ ಮುಗಿಸಿದ ಮೇಲೆ ಹಲಸೂರಿನ ಕೆರೆ ಕಡೆಯ ಒಂದು ಕಟ್ಟಡದಲ್ಲಿ ಅಮೆರಿಕದ ಡಾಕ್ಟರುಗಳ ಮಾತನ್ನು ಬರಹಕ್ಕೆ ಇಳಿಸುವ ಕೆಲಸಕ್ಕೆ ಸೇರಿದರು. ಅಲ್ಲಿನ ಡಾಕ್ಟರು ರೋಗಿಯನ್ನು ನೋಡಿ ಟೇಪಿಗೆ ಗೊಣಗುವುದು, ಇಲ್ಲಿನವರು ಹೆಡ್‌ಫೋನ್ ಹಾಕಿ, ಕಾಲಡಿಯ ಪೆಡಲ್ ಒತ್ತಿ ಟೇಪನ್ನು ಹಿಂದೆ ಮುಂದೆ ಓಡಿಸುತ್ತ ಟೈಪು ಮಾಡುವುದು. “ಒಬ್ಬ ಡಾಕ್ಟರು ಯಾವಾಗ್ಲೂ ಬಾಯಲ್ಲಿ ಏನಾದ್ರೂ ತಿಂತಾನೇ ಹೇಳ್ತಿದ್ದ. ಕಿಡ್ನಿ ಬಗ್ಗೆ ಹೇಳ್ತಿದಾನೋ ಚಿಪ್ಸ್ ಬಗ್ಗೆ ಹೇಳ್ತಿದಾನೋ ಗೊತ್ತಾಗ್ತಿರ್ಲಿಲ್ಲ. ಅವ್ನಿಗೆ ಹೋಲಿಸಿದ್ರೆ ಕಪ್ಪೆ ತುಂಬಾ ಸ್ಪಷ್ಟ.”

ಅಲ್ಲಿ ಅವರಿಗೆ ಕೆಲಸ ಕಲಿಸಿದವರು ದಾವಣಗೆರೆ ಕಡೆಯ ವೀರಣ್ಣ ಎಂಬ ಮೇಲ್ವಿಚಾರಕರು. ಅವರ ಒಂದು ನಿಯಮವನ್ನು ಆ ಕಚೇರಿಯಲ್ಲಿ ದುಡಿದ ಯಾರೂ ಮರೆತಿಲ್ಲ: ಕಿವಿಗೆ ಸ್ಪಷ್ಟವಾಗಿ ಬೀಳದ ಪದವನ್ನು ಊಹಿಸಿ ಬರೆಯಬಾರದು, ಜಾಗ ಖಾಲಿ ಬಿಡಬೇಕು. ಪಕ್ಕದಲ್ಲಿ, ಬೇಕಾದರೆ, ಯಾವ ಪದದ ಹಾಗೆ ಕೇಳಿತು ಎಂದು ಸಣ್ಣದಾಗಿ ಸೂಚಿಸಬಹುದು. ವೀರಣ್ಣನವರ ಮಾತಿನಲ್ಲೇ ಯಮುನಾ ಹೇಳುತ್ತಾರೆ: “ಊಹೆ ಮಾಡಿ ಬರೆದ್ರೆ ರೋಗಿ ಸಾಯ್ತಾನೆ. ಬ್ಲ್ಯಾಂಕ್ ಬಿಟ್ರೆ ಡಾಕ್ಟ್ರು ಬೈತಾನೆ. ಬೈಸ್ಕೊಳ್ರಮ್ಮ, ಏನಾಗಲ್ಲ.”

ಮಾತು ಕೇಳಿ ತಾನೇ ಬರೆದುಕೊಳ್ಳುವ ಸಾಫ್ಟ್‌ವೇರು ಬಂದಾಗ ಆ ಕಚೇರಿ ಮುಚ್ಚಿತು. ವೀರಣ್ಣ ಊರಿಗೆ ಹೋದರು. ಯಮುನಾ ಕೆಲವು ವರ್ಷ ಒಂದು ರಕ್ತಪರೀಕ್ಷೆ ಕೇಂದ್ರದ ಕೌಂಟರಿನಲ್ಲಿ ಕೂತು ‘ಖಾಲಿ ಹೊಟ್ಟೇಲಿ ಬಂದಿದೀರಾ?’ ಎಂದು ಕೇಳುತ್ತಿದ್ದರು. ಬೆಟ್ಟದ ಜೀವಿಗಳನ್ನು ಅಧ್ಯಯನ ಮಾಡುವ ಈಗಿನ ಸಣ್ಣ ಸಂಸ್ಥೆಗೆ ತಾಳ್ಮೆಯ ಕಿವಿಗಳು ಬೇಕಾದಾಗ, ಹಳೆಯ ಕಚೇರಿಯ ಗೆಳತಿ ಸುಕನ್ಯ ಜೊತೆ ಪರೀಕ್ಷೆಗೆ ಹೋಗಿ ಇಬ್ಬರೂ ತೇರ್ಗಡೆಯಾದರು. ಹಳೆಯ ಕಚೇರಿಯವರು ಗುಜರಿಗೆ ಹಾಕಲಿದ್ದ ಪೆಡಲುಗಳು ಆಗ ಮತ್ತೆ ಅವರ ಕಾಲಡಿಗೆ ಬಂದವು. ಯಂತ್ರವೇ ಈ ಕಪ್ಪೆಯನ್ನೂ ಕೇಳಬಾರದೇ ಎಂದರೆ, ಯೋಜನೆಯ ಮುಖ್ಯಸ್ಥೆ ನಿಖಿತಾ ನಗುತ್ತಾರೆ. “ಟ್ರೈ ಮಾಡಿದ್ವಿ. ಅದಕ್ಕೆ ಒಂದೊಂದು ಮಳೆಹನೀನೂ ಕಪ್ಪೆನೇ.”

ಮೊದಲ ವರ್ಷಗಳಲ್ಲಿ ಈ ಕೋಣೆಯಲ್ಲಿ ಎರಡು ಕುರ್ಚಿ, ಎರಡು ಹೆಡ್‌ಫೋನ್. ಒಂದೇ ಸದ್ದನ್ನು ಇಬ್ಬರೂ ಬೇರೆ ಬೇರೆ ಕೇಳಿ, ಆಮೇಲೆ ಹೋಲಿಸಿ ನೋಡುವ ಪದ್ಧತಿ. ಒಂದು ಬೆಟ್ಟದಲ್ಲಿ ಗಾಳಿ ಬೀಸಿದಾಗಲೆಲ್ಲ ಕಪ್ಪೆಗಳು ಹೆಚ್ಚಾಗುತ್ತಿದ್ದದ್ದನ್ನು ಯಮುನಾ ಶ್ರದ್ಧೆಯಿಂದ ಗುರುತು ಹಾಕಿದ್ದರು. ಅದು ರೆಕಾರ್ಡರನ್ನು ಮರಕ್ಕೆ ಬಿಗಿದ ಬೆಲ್ಟಿನ ಬಕಲ್ಲು ಎಂದು ಸುಕನ್ಯ ಕಂಡುಹಿಡಿದರು. ಇಬ್ಬರೂ ಬಿದ್ದು ಬಿದ್ದು ನಕ್ಕರಂತೆ.

ಎರಡು ವರ್ಷದ ಹಿಂದೆ ಸುಕನ್ಯ ಗರುಡಾಚಾರ್‌ಪಾಳ್ಯದ ಕಂಪನಿಯೊಂದಕ್ಕೆ ಹೋದರು. ಮನೆ ಕೆ.ಆರ್. ಪುರ ಕಡೆ, ಮಗಳ ಕಾಲೇಜು, ಹೆಚ್ಚಿನ ಸಂಬಳ, ಹೋಗದೆ ಇರಲು ಕಾರಣವೇ ಇರಲಿಲ್ಲ. ಖಾಲಿಯಾದ ಕುರ್ಚಿಗೆ ಇನ್ನೊಬ್ಬರು ಬರಲಿಲ್ಲ. ರೆಕಾರ್ಡರು ಕೊಡಿಸುವ ದಾನಿಗಳು ಸಿಗುತ್ತಾರೆ, ಕೇಳುವವರಿಗೆ ಸಂಬಳ ಕೊಡಿಸುವವರು ಸಿಗುವುದಿಲ್ಲ. ರೆಕಾರ್ಡರಿನ ಮೇಲೆ ದಾನಿಯ ಹೆಸರು ಅಂಟಿಸಬಹುದು, ಕಿವಿಯ ಮೇಲೆ ಅಂಟಿಸಲಾಗದು. ಈಗ ಆ ಕುರ್ಚಿಯ ಮೇಲೆ ಯಮುನಾ ಅವರ ಕೈಚೀಲ ಕೂರುತ್ತದೆ.

ಮನೆಯಲ್ಲೂ ಮಾತು ಕಡಿಮೆ. ತಾಯಿ ದೊಡ್ಡಮುನಿಯಮ್ಮ ಅವರಿಗೆ ಕಿವಿ ಮಂದ. ದಿನವಿಡೀ ಪಿಸುಮಾತಿಗೆ ಕಿವಿಗೊಟ್ಟು ಮನೆಗೆ ಬಂದ ಮಗಳು, ಸಾರಿಗೆ ಉಪ್ಪು ಹಾಕಿದ್ದೀಯಾ ಎನ್ನುವುದನ್ನು ಬೀದಿಗೆ ಕೇಳುವಂತೆ ಕೂಗಬೇಕು. ಮಗಳ ಕೆಲಸದ ಬಗ್ಗೆ ದೊಡ್ಡಮುನಿಯಮ್ಮ ಅವರ ಅಭಿಪ್ರಾಯ ಖಚಿತವಾಗಿದೆ. “ಕಗ್ಗದಾಸಪುರದಾಗೆ ನಮ್ಮಪ್ಪನ ಮನೆ ಕೆರೆ ಪಕ್ಕದಾಗೇ ಇತ್ತು. ಮಳೆ ಬಿದ್ರೆ ರಾತ್ರಿಯೆಲ್ಲಾ ವಟವಟ ವಟವಟ. ಕಿವಿ ಮುಚ್ಕೊಂಡು ಮಲಗ್ತಿದ್ವಿ. ನಮಗ್ಯಾವನು ಕಾಸು ಕೊಟ್ಟ? ಈವಮ್ಮಂಗೆ ಕಪ್ಪೆ ಕೇಳೋಕೆ ಸಂಬಳ ಅಂತೆ!”

ಏಪ್ರಿಲ್ ಕೊನೆಯಲ್ಲಿ ಒಂದು ಬೆಳಿಗ್ಗೆ ನಿಖಿತಾ, ವಿಜ್ಞಾನ ಪತ್ರಿಕೆಯೊಂದಕ್ಕೆ ಕಳಿಸಲಿರುವ ಲೇಖನದ ಭೂಪಟವನ್ನು ಬಣ್ಣದಲ್ಲಿ ಮುದ್ರಿಸಿ ತಂದು ಗೋಡೆಗೆ ಅಂಟಿಸಿದರು. ಕಪ್ಪೆ ಇರುವಲ್ಲಿ ಕರಿಯ ಚುಕ್ಕಿ. ಬಡಗಣ ಸಾಲಿನ ಮೇಲೆ ಒಂದು ಹಿಡಿ ಚುಕ್ಕಿ, ತೆಂಕಣ ಸಾಲಿನ ಮೇಲೆ ಒಂದು ಹಿಡಿ. ನಡುವೆ ಬಿಳಿ. ಇಬ್ಬರೂ ಒಬ್ಬರನ್ನೊಬ್ಬರು ಮೇಡಂ ಎಂದೇ ಕರೆಯುವುದರಿಂದ ಅವತ್ತಿನ ಮಾತುಕತೆಯನ್ನು ಎಚ್ಚರದಿಂದ ಬರೆಯಬೇಕು.

“ತೊಟ್ಟಿಲಗುಡ್ಡ ಎಲ್ಲಿ ಮೇಡಂ?” ಎಂದು ಕೇಳಿದ್ದು ಯಮುನಾ.

“ಅಲ್ಲಿ ಇಲ್ವಲ್ಲ ಮೇಡಂ. ನೀವೇ ಪೂರ್ತಿ ಸೊನ್ನೆ ಕೊಟ್ಟಿದೀರ” ಎಂದದ್ದು ನಿಖಿತಾ.

“ನಾನು ಸೊನ್ನೆ ಕೊಟ್ಟಿಲ್ಲ. ಖಾಲಿ ಬಿಟ್ಟಿದ್ದೆ.”

“ಎರಡೂ ಒಂದೇ ಅಲ್ವಾ?”

ಅಲ್ಲ. ಯಮುನಾ ಸೊನ್ನೆ ಹಾಕಿದರೆ ‘ಕೇಳಿದೆ, ಕಪ್ಪೆ ಇಲ್ಲ’ ಎಂದರ್ಥ. ಖಾಲಿ ಬಿಟ್ಟರೆ ‘ಕೇಳಿಸಲಿಲ್ಲ’ ಎಂದರ್ಥ. ತೊಟ್ಟಿಲಗುಡ್ಡದ ರೆಕಾರ್ಡರಿನ ಮೇಲೆ ಮಳೆಗಾಲವಿಡೀ ನೇರ ಮಳೆ ಸುರಿದಿತ್ತು. ಸಾಸಿವೆ ಸಿಡಿತದ ನಡುವೆ ಅವರು ವೀರಣ್ಣನವರ ನಿಯಮದಂತೆ ಖಾಲಿ ಬಿಡುತ್ತ ಹೋಗಿದ್ದರು. ಲೆಕ್ಕ ಹಾಕುವ ಕಂಪ್ಯೂಟರಿಗೆ ಖಾಲಿ ಜಾಗ ಕಂಡರಾಗದು. ಎಲ್ಲೆಲ್ಲಿ ಖಾಲಿ ಇತ್ತೋ ಅಲ್ಲೆಲ್ಲ ತಾನೇ ಸೊನ್ನೆ ತುಂಬಿಕೊಂಡಿತ್ತು. ಯಮುನಾ ‘ಇದೆ’ ಎಂದ ಕಡೆಗಳನ್ನು ನಿಖಿತಾ ತಪ್ಪದೆ ಮತ್ತೊಮ್ಮೆ ಕೇಳಿ ನೋಡುತ್ತಿದ್ದರು. ಏನೂ ಹೇಳದ ಕಡೆಗಳನ್ನು ಮತ್ತೆ ಕೇಳುವ ಎರಡನೇ ಕುರ್ಚಿ ಖಾಲಿ ಇತ್ತು.

“ತಪ್ಪು ನಂದೇ” ಎನ್ನುತ್ತಾರೆ ನಿಖಿತಾ, ಮುಚ್ಚುಮರೆಯಿಲ್ಲದೆ. “ಖಾಲಿ ಅಂದ್ರೇನು ಅಂತ ನಾನು ಒಂದಿನಾನೂ ಕೇಳ್ಲಿಲ್ಲ.” ಯಮುನಾ ಒಪ್ಪುವುದಿಲ್ಲ. “ನಾನೂ ಹೇಳ್ಲಿಲ್ಲವಲ್ಲ. ಎಲ್ರಿಗೂ ಗೊತ್ತಿರುತ್ತೆ ಅಂದ್ಕೊಂಡೆ. ನಮ್ ಆಫೀಸಲ್ಲಿ ಎಲ್ರಿಗೂ ಗೊತ್ತಿತ್ತು.”

ಲೇಖನವನ್ನು ತಡೆಹಿಡಿಯುವುದು ಕಷ್ಟವೇನಲ್ಲ. ಕಷ್ಟ ಇರುವುದು ರೆಕಾರ್ಡರುಗಳಲ್ಲಿ. ಒಂದನ್ನು ಆನೆ ತುಳಿದಿದೆ, ಇನ್ನೆರಡಕ್ಕೆ ಬೂಷ್ಟು ಹಿಡಿದಿದೆ. ಉಳಿದವು ಎಲ್ಲ ಬೆಟ್ಟಗಳಿಗೂ ಸಾಲುವುದಿಲ್ಲ. ಕಪ್ಪೆ ಇಲ್ಲವೆಂದು ತೀರ್ಮಾನವಾದ ಗುಡ್ಡಕ್ಕೆ ಈ ಮುಂಗಾರಿನಲ್ಲಿ ರೆಕಾರ್ಡರು ಹೋಗುವುದಿಲ್ಲ. ಒಮ್ಮೆ ಬಿಟ್ಟ ಗುಡ್ಡಕ್ಕೆ ಮತ್ತೆ ಹೋಗುವ ಹಣ ಮುಂದಿನ ಯಾವ ಯೋಜನೆಯಲ್ಲೂ ಇಲ್ಲ. ಅಂದರೆ ತೊಟ್ಟಿಲಗುಡ್ಡದಲ್ಲಿ ಏನಾದರೂ ಕೂಗುತ್ತಿದ್ದರೆ ಅದು ಇನ್ನು ಯಾರ ಕಿವಿಗೂ ಬೀಳದೆ ಕೂಗಬೇಕು.

ಆ ದಿನದಿಂದ ಯಮುನಾ ತೊಟ್ಟಿಲಗುಡ್ಡದ ಖಾಲಿ ಬಿಟ್ಟ ಸದ್ದುಗಳನ್ನೆಲ್ಲ ಮತ್ತೆ ಕೇಳುತ್ತಿದ್ದಾರೆ. ಕಾಲಡಿಯ ಪೆಡಲ್ ಒತ್ತಿ ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ. ಇವತ್ತು ಬೆಳಿಗ್ಗೆಯೂ ಅದೇ. ಮುಖದಲ್ಲಿ ಯಾವ ಭಾವವೂ ಇಲ್ಲ. ಬಾಯಿ ಸ್ವಲ್ಪ ತೆರೆದಿರುತ್ತದೆ, ಅಷ್ಟೆ. ಬಾಯಿ ತೆರೆದರೆ ಕಿವಿ ಚುರುಕಾಗುತ್ತದೆ ಎಂಬುದು ಅವರ ನಂಬಿಕೆ. ಕೆಳಗೆ ಮಿಷನ್ನು ಶುರುವಾದಾಗ ಹೆಡ್‌ಫೋನನ್ನು ಕೊರಳಿಗೆ ಇಳಿಸುತ್ತಾರೆ.

“ಒಂದು ಕಡೆ ಇದೆ ಅನ್ಸುತ್ತೆ. ಮಳೆ ಹಿಂದ್ಗಡೆ. ಯಾರೋ ಬಾಗಿಲು ಹಾಕಿರೋ ರೂಮಲ್ಲಿ ಹೇನು ಬಾಚ್ಕೋತಿದಾರೆ ಅನ್ನೋ ಹಂಗೆ.” ಪೆಡಲಿನಿಂದ ಕಾಲು ತೆಗೆದು ಹೇಳುತ್ತಾರೆ, “ಆದ್ರೆ ನನಗೆ ಅಲ್ಲಿ ಇರ್ಲಿ ಅಂತ ಆಸೆ ಇದೆಯಲ್ಲ. ಆಸೆ ಇದ್ರೆ ಕಿವಿ ಸುಳ್ಳು ಹೇಳುತ್ತೆ. ಅದಕ್ಕೇ ಮತ್ತೆ ಬ್ಲ್ಯಾಂಕೇ ಬಿಟ್ಟಿದೀನಿ.”

‘ಇದೆ’ ಎಂದು ಒಂದು ಗುರುತು ಹಾಕಿದರೆ ಸಾಕಿತ್ತು, ನಿಖಿತಾ ನಂಬುತ್ತಿದ್ದರು. ಗುಡ್ಡಕ್ಕೆ ರೆಕಾರ್ಡರು ಹೋಗುತ್ತಿತ್ತು. ಅದು ಅವರಿಗೂ ಗೊತ್ತು.

ಉಳಿದಿರುವುದು ಇನ್ನೊಂದು ಜೋಡಿ ಕಿವಿ. ನಿಖಿತಾ ತಾವೇ ಕೇಳುವಂತಿಲ್ಲ. ಯಮುನಾ ಎಲ್ಲಿ ಅನುಮಾನಪಟ್ಟಿದ್ದಾರೆಂದು ನೋಡಿಬಿಟ್ಟಿದ್ದಾರೆ, ಗೊತ್ತಿದ್ದವರಿಗೆ ಅಲ್ಲೇ ಕೇಳಿಸುತ್ತದೆ. ಹೊಸಬರಿಗೆ ಕಲಿಸಲು ಒಂದು ಮಳೆಗಾಲ ಬೇಕು. ರೆಕಾರ್ಡರುಗಳು ಬರುವ ಮಂಗಳವಾರ ಬೆಟ್ಟಕ್ಕೆ ಹೊರಡುತ್ತವೆ. ಹಾಗಾಗಿ ಯಮುನಾ, ಎರಡು ವರ್ಷದಲ್ಲಿ ಹಬ್ಬದ ಶುಭಾಶಯಗಳನ್ನು ಬಿಟ್ಟು ಬೇರೇನೂ ಕಳಿಸದಿದ್ದ ನಂಬರಿಗೆ ಫೋನು ಮಾಡಿದರು.

ಭಾನುವಾರ ನಸುಕಿನ ಬಸ್ಸು ಹಿಡಿದು ಸುಕನ್ಯ ಬಂದಿದ್ದಾರೆ, ಕೈಯಲ್ಲಿ ಚಿತ್ರಾನ್ನದ ಡಬ್ಬಿ. ಬಾಗಿಲಲ್ಲೇ ಶುರು. “ಏನೇ, ಇನ್ನೂ ಅದೇ ಕುರ್ಚಿನಾ? ಇನ್ನೂ ಗಡಿಯಾರ ಬಾತ್‌ರೂಮಲ್ಲಾ? ಥೂ, ಸೆಕೆ! ಫ್ಯಾನಾದ್ರೂ ಹಾಕೇ.”

“ಹಾಕಂಗಿಲ್ಲ ಅಂತ ಗೊತ್ತಲ್ಲ ನಿಂಗೆ.”

“ಗೊತ್ತು ಕಣೇ. ಬೈದು ನೋಡ್ದೆ.”

ಗರುಡಾಚಾರ್‌ಪಾಳ್ಯದಲ್ಲಿ ಅವರ ಕೆಲಸವೂ ಕೇಳುವುದೇ. ಗ್ರಾಹಕರು ಫೋನಿನಲ್ಲಿ ಬೈಯುವುದನ್ನು ಕೇಳಿ, ಬೈಸಿಕೊಂಡ ಹುಡುಗರು ಎಷ್ಟು ವಿನಯವಾಗಿದ್ದರು ಎಂದು ಅಂಕ ಹಾಕಬೇಕು. “ಕಪ್ಪೆ ಆದ್ರೆ ಹೆಣ್ಣಿಗೋಸ್ಕರ ಕೂಗ್ತಿದೆ ಅಂತ ಗೊತ್ತಿರುತ್ತೆ” ಎನ್ನುತ್ತಾರೆ ಸುಕನ್ಯ, ಓಲೆ ಬಿಚ್ಚುತ್ತ. “ಇವ್ರು ಯಾಕೆ ಕೂಗ್ತಿದಾರೆ ಅಂತ ಇವ್ರಿಗೇ ಗೊತ್ತಿರಲ್ಲ.” ಎರಡನೇ ಕುರ್ಚಿಯ ಮೇಲಿನ ಕೈಚೀಲವನ್ನು ಯಮುನಾ ತೆಗೆಯುವ ಮೊದಲೇ ಸುಕನ್ಯ ಎತ್ತಿ ಅವರ ಕೈಗೆ ಕೊಡುತ್ತಾರೆ.

ನಿಖಿತಾ ತೊಟ್ಟಿಲಗುಡ್ಡದ ಸದ್ದುಗಳನ್ನು ಬೇರೆ ಬೆಟ್ಟಗಳ ಸದ್ದಿನ ಜೊತೆ ಕಲಸಿ ಇಟ್ಟಿದ್ದಾರೆ. ಯಾವುದು ಎಲ್ಲಿಯದೆಂದು ಸುಕನ್ಯ ಅವರಿಗೆ ಗೊತ್ತಿಲ್ಲ. ಯಮುನಾ ಅಲ್ಲಿ ಕೂರುವಂತೆಯೂ ಇಲ್ಲ, ಮುಖ ನೋಡಿ ಸುಳಿವು ಸಿಕ್ಕೀತು ಎಂದು. ಅವರು ಹೊರಗೆ ಬಂದು ಮೆಟ್ಟಿಲ ಮೇಲೆ ಕೂರುತ್ತಾರೆ. ಫ್ಲಾಸ್ಕಿನ ಟೀ ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯುವುದನ್ನು ಮರೆಯುತ್ತಾರೆ.

ಏಳಕ್ಕೆ ಕೆಳಗೆ ಷಟರು ಎದ್ದ ಸದ್ದು. ಯಮುನಾ ದಡಬಡಿಸಿ ಇಳಿಯುತ್ತಾರೆ. ಅಂಗಡಿಯ ಮುತ್ತುರಾಜ ಮಿಷನ್ನಿನ ಬಾಯಿಗೆ ಬೀಜ ಸುರಿಯುತ್ತಿದ್ದಾರೆ.

“ಸ್ವಲ್ಪ ತಡಿಯಪ್ಪ, ಇವತ್ತೊಂದಿನ.”

“ಆಂಟಿ, ಭಾನುವಾರ ಆಂಟಿ! ಈಗ ಜಾಗಿಂಗ್ ಪಾರ್ಟಿ ಬರುತ್ತೆ.”

“ಮೇಲೆ ಒಂದು ಕಪ್ಪೆ ಮಾತಾಡ್ತಿದೆ. ಅದು ಏನಂತು ಅಂತ ಕೇಳ್ಬೇಕು.”

ಮುತ್ತುರಾಜ ಬೀಜದ ಚೀಲ ಕೆಳಗಿಟ್ಟು ಮೇಲ್ಛಾವಣಿ ನೋಡುತ್ತಾರೆ. “ಕಪ್ಪೇನಾ? ನಮ್ ಬಿಲ್ಡಿಂಗಲ್ಲಾ? ಕಸ್ಟಮರ್ ಮುಂದೆ ಹೇಳ್ಬೇಡಿ ಆಂಟಿ, ಕಾಲಿಗೆ ಬೀಳ್ತೀನಿ.” ಕಪ್ಪೆ ಇಲ್ಲಿಯದಲ್ಲ, ಹೋದ ವರ್ಷದ್ದು ಎಂದು ಯಮುನಾ ವಿವರಿಸಿದಷ್ಟೂ ಅವರ ಮುಖದ ಗಾಬರಿ ಹೆಚ್ಚುತ್ತದೆ. ಕೊನೆಗೆ ಆ ಗಾಬರಿಯೇ ಕೆಲಸ ಮಾಡುತ್ತದೆ. “ಆಯ್ತು, ನಿನ್ನೆ ಪುಡಿ ಸ್ವಲ್ಪ ಇದೆ, ಅದರಲ್ಲೇ ಓಡಿಸ್ತೀನಿ. ಬೇಗ ಹೇಳಿ ಮುಗಿಸಕ್ಕೆ ಹೇಳಿ ಅದಕ್ಕೆ.”

ಸುಕನ್ಯ ಹೊರಗೆ ಬರುವಾಗ ಬಿಸಿಲು ಮೆಟ್ಟಿಲಿನ ಅರ್ಧಕ್ಕೆ ಇಳಿದಿದೆ. ಕಿವಿಯ ಸುತ್ತ ಹೆಡ್‌ಫೋನಿನ ಕೆಂಪು ಗೆರೆ. ಒಳಗೆ ನಿಖಿತಾ ಇಬ್ಬರ ಗುರುತುಗಳನ್ನೂ ಪಕ್ಕಪಕ್ಕ ತೆರೆದು ನೋಡುತ್ತಾರೆ. ತೊಟ್ಟಿಲಗುಡ್ಡದ ಸದ್ದುಗಳಲ್ಲಿ ಸುಕನ್ಯ ಒಂದು ಕಡೆಯೂ ‘ಇದೆ’ ಎಂದು ಹಾಕಿಲ್ಲ.

ಯಮುನಾ ಅವರ ಕೈ ತಾನಾಗಿಯೇ ಬೋಳು ಮಣಿಕಟ್ಟನ್ನು ಹಿಡಿದುಕೊಳ್ಳುತ್ತದೆ.

“ಆದ್ರೆ ಸೊನ್ನೇನೂ ಹಾಕಿಲ್ಲ” ಎನ್ನುತ್ತಾರೆ ನಿಖಿತಾ. ಬಹಳ ಕಡೆ ಮಳೆಗೆ ಸೋತು ಖಾಲಿ ಬಿಟ್ಟಿದ್ದಾರೆ, ಯಮುನಾ ಬಿಟ್ಟಂತೆಯೇ. ಅವುಗಳಲ್ಲಿ ಒಂದು ಖಾಲಿ ಜಾಗದ ಪಕ್ಕದಲ್ಲಿ ಮಾತ್ರ, ಹಳೆಯ ಕಚೇರಿಯ ಪದ್ಧತಿಯಂತೆ, ಯಾವುದರ ಹಾಗೆ ಕೇಳಿತೆಂದು ಸೂಚಿಸಿದ್ದಾರೆ. ಯಮುನಾ ಕೂಡ ಇಡೀ ಗುಡ್ಡದಲ್ಲಿ ಒಂದೇ ಕಡೆ ಹಾಗೆ ಸೂಚಿಸಿದ್ದರು. ಎರಡೂ ಒಂದೇ ಜಾಗ. ಯಮುನಾ ಅವರದು: ‘ಸೀರಣಿಗೆ ಇರಬಹುದು.’ ಸುಕನ್ಯ ಅವರದು: ‘ಬಾಚಣಿಗೆ ಇರಬಹುದು.’

ಆಮೇಲೆ ಕೋಣೆಯಲ್ಲಿ ಸುಮ್ಮನಿರುವವರು ನಿಖಿತಾ ಮಾತ್ರ.

“ಬಾಚಣಿಗೆನಾ? ಎಲ್ಲೇ ಬಾಚಣಿಗೆ? ಅಷ್ಟು ಸಣ್ಣಗೆ ಎಳೀತಿದೆ!”

“ಸಣ್ಣಗೆ ಎಳೀತಿರೋದು ಮಳೆ. ಅದರ ಹಿಂದೆ ಬಿಡಿಬಿಡಿಯಾಗಿ ಇದೆ, ಕೇಳ್ಸ್ಕೋ.”

“ಮೂರು ವಾರದಿಂದ ಕೇಳ್ತಿದೀನಿ ಕಣೇ ನಾನು!”

“ಅದಕ್ಕೇ. ಕೇಳಿ ಕೇಳಿ ಸೀರಣಿಗೆ ಆಗಿದೆ ನಿಂಗೆ. ನಿನ್ ಕಿವೀಗೆ ವಯಸ್ಸಾಯ್ತು, ಒಪ್ಕೋ.”

“ನಿನ್ ಕಿವಿ ಬೈಗುಳ ಕೇಳಿ ಕೆಟ್ಟೋಗಿದೆ.”

ಒಂದೇ ಹೆಡ್‌ಫೋನನ್ನು ತಿರುಗಿಸಿ ಹಿಡಿದು, ಒಂದು ಬದಿಗೆ ಒಬ್ಬರು, ಇನ್ನೊಂದು ಬದಿಗೆ ಇನ್ನೊಬ್ಬರು ಕಿವಿಯಿಟ್ಟು, ತಲೆಗೆ ತಲೆ ತಾಗಿಸಿ ಕೇಳುತ್ತಾರೆ. ಯಮುನಾ ಪೆಡಲ್ ಒತ್ತುತ್ತಾರೆ. ಮತ್ತೆ. ಮತ್ತೆ. ಹೊರಗಿನವರು ಆ ಹೆಡ್‌ಫೋನಿಗೆ ಕಿವಿಕೊಟ್ಟರೆ ಕೇಳುವುದು ಬರೀ ಮಳೆ, ಅದೂ ತುಂಬಾ ಜೋರು ಮಳೆ. ಇಬ್ಬರೂ ತಮ್ಮ ತಮ್ಮ ಮಾತು ಬಿಡುವುದಿಲ್ಲ.

ಭೂಪಟದಲ್ಲಿ ತೊಟ್ಟಿಲಗುಡ್ಡಕ್ಕೆ ಕರಿಯ ಚುಕ್ಕಿ ಸಿಗುವುದಿಲ್ಲ. ಇಬ್ಬರು ಅನುಮಾನಪಟ್ಟರೆ ಅದು ಅನುಮಾನವೇ. ಆದರೆ ‘ಇಲ್ಲ’ ಎನ್ನುವಂತೆಯೂ ಇಲ್ಲ. ನಿಖಿತಾ ಪೆನ್ನು ತೆಗೆದು, ಬಿಳಿಯ ಜಾಗದ ನಡುವೆ ಒಳಗೆ ಏನೂ ತುಂಬದ ಒಂದು ವೃತ್ತ ಬರೆಯುತ್ತಾರೆ. ನಕ್ಷೆಯಲ್ಲಿ ಅಂಥ ಗುರುತು ಇದೇ ಮೊದಲು. ಅಡಿಯಲ್ಲಿ ಅದರ ಅರ್ಥವನ್ನೂ ಬರೆಯುತ್ತಾರೆ: ‘ಕೇಳಲಾಗಲಿಲ್ಲ.’ ಒಬ್ಬರಿಗೆ ಬಾಚಣಿಗೆ, ಇನ್ನೊಬ್ಬರಿಗೆ ಸೀರಣಿಗೆ ಎನಿಸುವ ಕೂಗು ನಡುವಿನ ಗುಡ್ಡದಲ್ಲಿ ನಿಜಕ್ಕೂ ಇದ್ದರೆ, ಎರಡು ಜಾತಿಯ ಕಥೆಯನ್ನೇ ಬೇರೆ ರೀತಿ ಹೇಳಬೇಕಾಗುತ್ತದೆ. ‘ಇದ್ದರೆ’ ಎಂಬುದನ್ನು ನಿಖಿತಾ ಒತ್ತಿ ಹೇಳುತ್ತಾರೆ. ಅದಕ್ಕಿಂತ ಹೆಚ್ಚು ಹೇಳಲು ಆ ಕೋಣೆಯ ನಿಯಮ ಬಿಡುವುದಿಲ್ಲ.

ಕೂಡಲೇ ರೆಕಾರ್ಡರು ಕಟ್ಟುವ ಹುಲಿಗೆಪ್ಪ ಅವರಿಗೆ ಫೋನು ಹೋಗುತ್ತದೆ. ಕೊಪ್ಪಳದವರು, ಈಗ ವರ್ಷದಲ್ಲಿ ಆರು ತಿಂಗಳು ಬೆಟ್ಟದಲ್ಲಿರುವವರು. ಬಡಗಣ ಸಾಲಿಗೆ ಹೋಗಬೇಕಿದ್ದ ಒಂದು ರೆಕಾರ್ಡರು ತೊಟ್ಟಿಲಗುಡ್ಡಕ್ಕೆ ಎಂದು ನಿಖಿತಾ ಹೇಳಿದಾಗ ಸ್ಪೀಕರಿನಲ್ಲಿ ಉತ್ತರ ಬರುತ್ತದೆ. “ಆತ್ರೀ ಮೇಡಂ. ಈ ಸಲ ಗಿಡಕ್ಕ ಕಟ್ಟಂಗಿಲ್ಲ, ಬಂಡಿಗಲ್ಲಿನ ಸಂದ್ಯಾಗ ಇಡ್ತೀನಿ. ಮಳಿ ಹನಿ ಒಂದೂ ತಾಕೂದಿಲ್ಲ. ಯಮುನಾ ಮೇಡಂಗ ಹೇಳ್ರಿ, ಬೆಲ್ಟಿನ ಬಕಲ್ಲಿಗೆ ಬಟ್ಟಿ ಸುತ್ತೀನಿ ಅಂತ.”

ಚಿತ್ರಾನ್ನ ಮುಗಿಯುತ್ತದೆ. ಕೆಳಗೆ ಮುತ್ತುರಾಜ ಅವರ ಮಿಷನ್ನು, ತಡೆಹಿಡಿದ ಸಿಟ್ಟನ್ನೆಲ್ಲ ಸೇರಿಸಿ, ಶುರುವಾಗುತ್ತದೆ. ಸುಕನ್ಯ ಮಗಳಿಗೆ ಊಟ ಎಂದು ಎದ್ದು ಓಲೆ ಹಾಕಿಕೊಳ್ಳುತ್ತಾರೆ. ಮಳೆಗಾಲ ಮುಗಿದು ಹೊಸ ಸದ್ದು ಬಂದಾಗ ಮತ್ತೆ ಬರುವೆಯಾ ಎಂದು ಯಮುನಾ ಕೇಳುವುದಿಲ್ಲ. ಕೇಳಿದರೆ ಹೂಂ ಎಂದಾರು, ಭಾನುವಾರಗಳು ಹೇಗಿರುತ್ತವೆಂದು ಇಬ್ಬರಿಗೂ ಗೊತ್ತು. ಮೆಟ್ಟಿಲಿನ ತಿರುವಿನಿಂದ ಸುಕನ್ಯ ಕೊನೆಯದಾಗಿ ಕೂಗುತ್ತಾರೆ, “ಬಾಚಣಿಗೆ!”

ಯಮುನಾ ಬಾಗಿಲು ಹಾಕಿ ಬಂದು ಬಳೆಗಳನ್ನು ತೊಟ್ಟುಕೊಳ್ಳುತ್ತಾರೆ. ಮಧ್ಯಾಹ್ನದವರೆಗೆ ಇನ್ನೇನೂ ಕೇಳಿಸುವಂತಿಲ್ಲ, ಮನೆಗೆ ಹೋಗಬಹುದು. ಆದರೆ ಕೂರುತ್ತಾರೆ. ಸುಕನ್ಯ ಹೇಳಿದ್ದೇ ಸರಿ ಇರಬಹುದೇ ಎಂದು ಕೇಳಿದರೆ ಎದ್ದು ಕಿಟಕಿಯ ಚಿಲಕಕ್ಕೆ ಕೈ ಹಾಕುತ್ತಾರೆ.

“ಇರಬಹುದು. ನಂಗೆ ಈಗ್ಲೂ ಸೀರಣಿಗೆನೇ ಕೇಳ್ತಿದೆ” ಎನ್ನುತ್ತಾರೆ. ಆಮೇಲೆ, ಕಿಟಕಿ ತೆರೆಯುತ್ತ, “ಎರಡು ವರ್ಷ ಆಗಿತ್ತು ನೋಡಿ, ನಿಂಗೆ ತಪ್ಪು ಕೇಳಿಸ್ತಿದೆ ಅಂತ ಒಬ್ರು ನಂಗೆ ಹೇಳಿ.”